ತೊಟ್ಟಿಲ ಅಂಕಿಗಳು

ಆಸ್ಪತ್ರೆಯ ಮೂರನೆಯ ಮಹಡಿಯ ಪುಟ್ಟ ಕೋಣೆಯಲ್ಲಿ ಕೂತು ಅವಳು ಹತ್ತು ವರ್ಷದಿಂದ ಅಂಕಿ ಓದುತ್ತಿದ್ದಾಳೆ. ಸೆಕೆಂಡಿಗೊಂದರಂತೆ, ಏರಿಳಿತವಿಲ್ಲದ ದನಿಯಲ್ಲಿ. ಎದುರಿಗೆ ಕೂತವರು ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಎಷ್ಟು ಅಂಕಿಯವರೆಗೆ ನಿಭಾಯಿಸುತ್ತಾರೆ ಎಂದು ಅವಳು ಬರೆದುಕೊಳ್ಳಬೇಕು. ಪರೀಕ್ಷೆಗೆ ಬರುವ ಮಕ್ಕಳ ಬಾಯಲ್ಲಿ ಅವಳು ‘ಅಂಕಿ ಅಕ್ಕ’.

ಕಂಗಾಲಾದ ತಾಯಂದಿರಿಗೆ ಅವಳೇ ಬಿಡಿಸಿ ಹೇಳುವುದು. “ನೋಡಿ, ನೆನಪಿನ ಉಗ್ರಾಣ ಬೇರೆ, ಅಂಗೈ ಬೇರೆ. ನಾವಿಲ್ಲಿ ನೋಡೋದು ಅಂಗೈ ಮಾತ್ರ. ಈಗ ಕೇಳಿದ್ದನ್ನ ಹಿಡ್ಕೊಂಡೇ ಇನ್ನೊಂದು ಕೆಲಸ ಮಾಡೋದು. ಎಲ್ಲರ ಅಂಗೈನೂ ಚಿಕ್ಕದೇ ಬಿಡಿ. ಒಳಗೊಳಗೇ ಗುನುಗ್ತಾ ಇದ್ರೆ ಸ್ವಲ್ಪ ಹೊತ್ತು ನಿಲ್ಲುತ್ತೆ. ಮಧ್ಯೆ ಯಾರಾದ್ರೂ ಬಾಯಿ ಹಾಕಿದ್ರೋ, ಜಾರ್ತು!”

ಈಗ ಅವಳ ಗಂಡನ ಸರದಿ. ಅವನದು ಆಂಬುಲೆನ್ಸ್ ಕೇಂದ್ರದಲ್ಲಿ ಫೋನ್ ಎತ್ತುವ ಕೆಲಸ. ಯಾರೋ ಅಳುತ್ತ ಹೇಳಿದ ವಿಳಾಸವನ್ನು ತಲೆಯಲ್ಲಿ ಹಿಡಿದುಕೊಂಡೇ ಟೈಪ್ ಮಾಡಬೇಕು, ಉಸಿರಾಟ ಇದೆಯಾ ಎಂದು ಕೇಳಬೇಕು, ಗಾಡಿ ಕಳಿಸಬೇಕು. ನಾಲ್ಕು ತಿಂಗಳ ಹಿಂದೆ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹಳೆಯದೆಲ್ಲ ನೆನಪಿದೆ, ಮದುವೆಯಲ್ಲಿ ಅವಳ ಸೋದರಮಾವ ಆಡಿದ ಕೊಂಕು ಮಾತಿನ ಸಮೇತ. ಆದರೆ ಸೋಪು, ಮೊಟ್ಟೆ, ಬಲ್ಬು ಎಂದು ಅಂಗಡಿಗೆ ಕಳಿಸಿದರೆ ಬರೀ ಸೋಪು ಹಿಡಿದುಕೊಂಡು ಬರುತ್ತಾನೆ. ಕೆಲಸಕ್ಕೆ ಮರಳಬೇಕಾದರೆ ಈ ಪರೀಕ್ಷೆ ದಾಟಲೇಬೇಕು.

ಮನೆಯವರನ್ನು ಮನೆಯವರೇ ಪರೀಕ್ಷಿಸುವಂತಿಲ್ಲ. ಅಂಕಿ ಓದಿದ್ದು ಅವಳ ಕಿರಿಯ ಸಹೋದ್ಯೋಗಿ. ಕೋಣೆಯ ಗಾಜಿನ ಗೋಡೆಯ ಈಚೆ, ಡಾಕ್ಟರಮ್ಮನ ಪಕ್ಕ, ಅಂಕಿ ಅಕ್ಕ ಕೂತಿದ್ದಳು. ಅವನು ನಾಲ್ಕು ಅಂಕಿ ಹೇಳಿದ. ಐದು ಹೇಳಿದ. ಏಳಂಕಿಯ ಸಾಲನ್ನೂ ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿಬಿಟ್ಟ: “ಮೂರು, ಒಂಬತ್ತು, ಆರು, ಎರಡು, ಎಂಟು, ಒಂದು, ಏಳು.”

“ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೆಯಲ್ಲಮ್ಮಾ!” ಡಾಕ್ಟರಮ್ಮ ನಕ್ಕರು. “ನಿಮ್ಮೆಜಮಾನ್ರು ನನಗಿಂತ ಚುರುಕು!”

ಆದರೆ ಅವನು ಹೇಳಿದ ಧಾಟಿ ಅವಳದೇ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆಯಲ್ಲಿ ಮಗಳ ತೊಟ್ಟಿಲು ತೂಗುತ್ತ, ಒಂದು ತೂಗಿಗೆ ಒಂದು ಅಂಕಿಯಂತೆ ಇದೇ ಸಾಲುಗಳನ್ನು ತಿಂಗಳುಗಟ್ಟಲೆ ಓದಿ ರೂಢಿ ಮಾಡಿಕೊಂಡಿದ್ದಳು. ಪಕ್ಕದಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದವನ ಕಿವಿಗೂ ಅದು ಬಿದ್ದಿತ್ತು. ಅಂಕಿಗಳು ಅಂಗೈಯಿಂದ ಬರುತ್ತಿರಲಿಲ್ಲ, ಉಗ್ರಾಣದಿಂದ ಬರುತ್ತಿದ್ದವು. ಪಾಪ, ಅದು ಅವನಿಗೇ ಗೊತ್ತಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರದಿಂದ ಅವನಿಗೆ ಕೆಲಸ. ಆಮೇಲೆ? ಯಾರೋ ಒಬ್ಬ ತಾಯಿ ಉಸಿರಾಡದ ಕೂಸನ್ನು ಎತ್ತಿಕೊಂಡು ಫೋನ್ ಮಾಡುತ್ತಾಳೆ. ಬೀದಿಯ ಹೆಸರು ಉಳಿಯುತ್ತದೆ, ಮನೆ ನಂಬರ್ ಜಾರಿಹೋಗುತ್ತದೆ.

“ಆ ಸಾಲುಗಳು ಅವರಿಗೆ ಮೊದಲೇ ಬಾಯಿಪಾಠ, ಡಾಕ್ಟರಮ್ಮಾ,” ಎಂದಳು. ಕಾರಣವನ್ನೂ ಹೇಳಿದಳು.

ಡಾಕ್ಟರಮ್ಮ ಅವಳನ್ನೇ ನೋಡಿದರು. “ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಕಣಮ್ಮಾ.”

“ಅದಕ್ಕೇ ಹೇಳಿದ್ದು.”

ಬೀರುವಿನಿಂದ ಬೇರೆ ಪಟ್ಟಿ ಬಂತು. ಮೂರು ಅಂಕಿ ಹೇಗೋ ದಾಟಿದ. ನಾಲ್ಕಕ್ಕೆ, “ಎಂಟು... ಎರಡು...” ಎಂದು ನಿಂತ. ಮತ್ತೊಂದು ಸಾಲು. ಅದೇ ಕಥೆ. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಉಳಿದೆರಡು ಅಂಕಿ ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಕುರ್ಚಿಯ ಕೈ ಹಿಡಿದು ಕೂತಳು.

ಹೊರಗಿನ ಬೆಂಚಿನಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

“ನಾನು ಮೋಸ ಮಾಡಲಿಲ್ಲ ಕಣೆ. ತಾನಾಗೇ ಬಂತು, ಹೇಳಿದೆ.”

“ಗೊತ್ತು ರೀ.”

“ಖುಷಿಯಾಗಿತ್ತು,” ಎಂದ. ಆಮೇಲೆ, “ಆಫೀಸಿಗೆ ನೀನೇ ಫೋನ್ ಮಾಡು. ಅವರು ಒಂದರ ಮೇಲೊಂದು ಕೇಳಿದ್ರೆ ನಂಗೆ ತಡವರಿಸುತ್ತೆ. ಅವರ ಮುಂದೆ ಅದೊಂದು ಬೇಡ,” ಎಂದ.

ಅವಳು ಚೀಲದಿಂದ ಫೋನ್ ತೆಗೆದಳು. ಏನೆಂದು ಶುರು ಮಾಡಬೇಕೋ ಅವಳಿಗೂ ತಿಳಿಯಲಿಲ್ಲ.