ಗೋಲು ಹೊಡೆದವನು, ಗಾಜು ಹಿಡಿದವನು

ಪ್ರಪಂಚದಲ್ಲಿ ಹೆಸರು ಮಾಡಿದ ಆಟಗಾರರ ಪೈಕಿ ಒಬ್ಬನೂ ಆ ಹೆಸರಿಗೆ ತಕ್ಕವನಲ್ಲ ಎಂಬುದು ಅಂಪೈರನ ಖಚಿತ ತೀರ್ಮಾನ. ಅದನ್ನು ಅವನು ದಿನಾ ಮಧ್ಯಾಹ್ನ ಒಂದು ಗಂಟೆಗೆ, ಗಾಜು ಕೊಯ್ಯುವ ಕಾರ್ಖಾನೆಯ ಹಿಂಬದಿಯಲ್ಲಿ, ಮರದ ಪೆಟ್ಟಿಗೆಯ ಮೇಲೆ ಕೂತು, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಪ್ರಕಟಿಸುತ್ತಿದ್ದ. ಆ ಬ್ಯಾಟ್ಸ್‌ಮನ್ನಾ? ಅಂಥ ನುಣುಪಾದ ಪಿಚ್ ಸಿಕ್ಕರೆ ನಮ್ಮಜ್ಜಿಯೂ ನೂರು ಹೊಡೆಯುತ್ತಾಳೆ. ಆ ಈಜುಗಾರನಾ? ಉದ್ದ ಕೈ ಇಟ್ಟುಕೊಂಡು ಹುಟ್ಟಿದ, ಪದಕ ಕೊಡಬೇಕಾದ್ದು ಅವನ ತಾಯಿಗೆ. ಆ ಬಾಕ್ಸರ್? ಬದನೆಕಾಯಿ ಆರಿಸಿದ ಹಾಗೆ ಒತ್ತಿ ನೋಡಿ, ಮೆತ್ತಗಿರುವ ಎದುರಾಳಿಯನ್ನೇ ಹಿಡಿಯುತ್ತಾನೆ. ಓವರ್‌ರೇಟೆಡ್, ಓವರ್‌ರೇಟೆಡ್, ಓವರ್‌ರೇಟೆಡ್. ಹೀಗೆ ಕೂತಲ್ಲಿಂದಲೇ ಎಲ್ಲರನ್ನೂ ಔಟ್ ಮಾಡುತ್ತಿದ್ದುದಕ್ಕೇ ಅವನಿಗೆ ಅಂಪೈರ್ ಎಂಬ ಹೆಸರು ಅಂಟಿದ್ದು.

ಸ್ವತಃ ಅವನ ಆಟದ ಚರಿತ್ರೆ ಚಿಕ್ಕದು. ಶಾಲೆಯ ತಂಡದಲ್ಲಿ ಎರಡು ವರ್ಷ ಹನ್ನೆರಡನೆಯವನಾಗಿ ನೀರಿನ ಬಾಟಲಿ ಹೊತ್ತಿದ್ದ. ಹದಿಮೂರನೆಯವನು ಇರಲಿಲ್ಲವಾದ್ದರಿಂದ ಆ ಪದವಿಯನ್ನು ಯಾರೂ ಕಸಿಯಲಿಲ್ಲ. ಇದನ್ನು ಅವನೇ ಹೇಳಿ ಅವನೇ ಮೊದಲು ನಗುತ್ತಿದ್ದ. ಬೇರೆಯವರಿಗಿಂತ ಮುಂಚೆ ನಕ್ಕುಬಿಟ್ಟರೆ ಉರಿ ಅರ್ಧ ಕಮ್ಮಿ ಎಂಬುದು ಇಪ್ಪತ್ತಾರು ವರ್ಷದಲ್ಲಿ ಅವನು ಕಂಡುಕೊಂಡ ಏಕೈಕ ಔಷಧ. ಉಳಿದರ್ಧ ಉರಿಗೆ ಔಷಧವಿರಲಿಲ್ಲ.

ಆ ಉರಿಯ ಮೂಲ ಯಾವ ಮೈದಾನದಲ್ಲೂ ಇರಲಿಲ್ಲ. ಕಾರ್ಖಾನೆಯ ನಡುಮಧ್ಯದ ಉದ್ದ ಮೇಜಿನ ಆಚೆ ತುದಿಯಲ್ಲಿತ್ತು. ಅಲ್ಲಿ ನಿಲ್ಲುವವನಿಗೆ ಎಲ್ಲರೂ ವಜ್ರ ಎನ್ನುತ್ತಿದ್ದರು. ಐವತ್ತರ ಆಸುಪಾಸು, ಮಾತು ಕಮ್ಮಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಪೆನ್ನಿನಂಥ ಹಿಡಿಕೆಯ ತುದಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಚಕ್ರ. ಅದನ್ನು ಎಣ್ಣೆಯಲ್ಲಿ ಅದ್ದಿ ವಜ್ರ ಆಳೆತ್ತರದ ಗಾಜಿನ ಮೇಲೆ ಒಂದು ಗೀರು ಎಳೆಯುತ್ತಿದ್ದ. ಆಮೇಲೆ ಗೀರನ್ನು ಮೇಜಿನ ಅಂಚಿಗೆ ಸರಿಸಿ, ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅಂಪೈರ್, ಇಬ್ಬರೂ ಒಟ್ಟಿಗೆ ಒತ್ತಬೇಕು. ಬಿರುಕು ಗೀರುವವನ ಕಡೆ ಹುಟ್ಟಿ, ಹಿಡಿಯುವವನ ಕಡೆಗೆ ಓಡಿಬಂದು, ಗಾಜು ನೇರ ಎರಡಾಗುತ್ತದೆ. ನೋಡಿದ ಗಿರಾಕಿ, ‘ಏನು ಕೈಯಪ್ಪಾ’ ಎಂದು ವಜ್ರನ ಕಡೆ ತಲೆದೂಗುತ್ತಾನೆ. ಆರು ವರ್ಷದಿಂದ ಈ ತುದಿಯಲ್ಲಿ ಹಿಡಿದು ನಿಂತವನಿಗೂ ಎರಡು ಕೈ ಇವೆ ಎಂದು ಒಬ್ಬನೂ ಗಮನಿಸಿದ್ದಿಲ್ಲ.

ಆ ಕೈಗಳ ಗುಟ್ಟು ಒಂದಿತ್ತು. ಎರಡು ವರ್ಷದಿಂದ ವಜ್ರನ ಮಣಿಕಟ್ಟು ಮಧ್ಯಾಹ್ನದ ಮೇಲೆ ಸೋಲುತ್ತಿತ್ತು. ಗೀರು ಅಲ್ಲಲ್ಲಿ ತೆಳುವಾಗುತ್ತಿತ್ತು. ಅಂಥ ಗೀರಿನಲ್ಲಿ ಓಡುವ ಬಿರುಕು ಕುಡುಕನ ಹಾಗೆ ದಾರಿ ಬಿಡುತ್ತದೆ. ಅದು ದಾರಿ ಬಿಡುವ ಹೊತ್ತು ಅಂಪೈರನ ಅಂಗೈಗೆ ಗಾಜಿನೊಳಗಿನ ಸಣ್ಣ ನಡುಕವಾಗಿ ತಿಳಿಯುತ್ತಿತ್ತು. ಆಗ ಬಲ ಅಂಗೈಯನ್ನು ಕೂದಲೆಳೆಯಷ್ಟು ಎತ್ತಿದರೆ ಬಿರುಕು ಮತ್ತೆ ಗೀರಿಗೆ ಬಂದು ಸೇರುತ್ತಿತ್ತು. ಹೀಗೆ ವಾರಕ್ಕೆ ಐದಾರು ಗಾಜು ಉಳಿಯುತ್ತಿದ್ದವು, ಹೊಗಳಿಕೆ ಆ ತುದಿಗೆ ಹೋಗುತ್ತಿತ್ತು. ವಜ್ರನಿಗೆ ಎಲ್ಲ ಗೊತ್ತು, ಗೊತ್ತಿದ್ದೇ ತೆಪ್ಪಗೆ ನುಂಗುತ್ತಾನೆ ಎಂದು ಅಂಪೈರ್ ನಂಬಿದ್ದ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ಆ ಸಿಟ್ಟನ್ನು ಟೀವಿಯಲ್ಲಿ ಕಾಣುವ ಆಟಗಾರರ ಮೇಲೆ ತೀರಿಸುತ್ತಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇಲ್ಲಿ ಕೊತ್ತಿಗಳೆಲ್ಲ ವಿಶ್ವವಿಖ್ಯಾತರು.

ಆ ತಿಂಗಳು ಉರಿಗೆ ಎಣ್ಣೆ ಬಿತ್ತು. ಯಜಮಾನರು ಊರಿನ ಇನ್ನೊಂದು ಕೊನೆಯಲ್ಲಿ ಎರಡನೇ ಕಾರ್ಖಾನೆ ತೆರೆಯುವವರಿದ್ದರು. ವಜ್ರ ಅಲ್ಲಿಗೆ. ಹಾಗಾದರೆ ಇಲ್ಲಿಯ ಚಕ್ರ ಯಾರ ಕೈಗೆ? ಅಂಪೈರ್ ಹೋಗಿ ಕೇಳಿದ. ಯಜಮಾನರು ಕನ್ನಡಕ ಒರೆಸುತ್ತಾ, “ವಜ್ರ ಹೂಂ ಅಂದ್ರೆ ನಿಂಗೆ. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ತರ್ತೀನಿ” ಎಂದರು. ಅಂದರೆ ಹಿಡಿಯುವವನಾಗಿಯೇ ಮುದುಕನಾಗುವುದೋ ಬೇಡವೋ ಎಂಬುದನ್ನು ಹೇಳಬೇಕಾದವನೂ ವಜ್ರನೇ.

ಮರುದಿನ ಮಧ್ಯಾಹ್ನ ಗಾಜಿನ ವ್ಯಾನಿನ ಡ್ರೈವರ್ ಊಟಕ್ಕೆ ಕೂರುತ್ತಲೇ ಫುಟ್‌ಬಾಲಿನ ಮಾತು ತೆಗೆದ. ಕ್ರೀಡಾಸಾಮಗ್ರಿಯ ಅಂಗಡಿಯೊಂದಕ್ಕೆ ದೊಡ್ಡ ಗಾಜು ಹೋಗಬೇಕಿತ್ತು. ಅದರ ಹಿಂದೆ ಹೆಸರಾಂತ ಸ್ಟ್ರೈಕರ್ ಒಬ್ಬನ ಆಳೆತ್ತರದ ಚಿತ್ರ ನಿಲ್ಲಿಸುತ್ತಾರಂತೆ.

“ಅವನಿಗಾ?” ಎಂದ ಅಂಪೈರ್. “ಅವನಿಗೆ ಗಾಜು ಯಾಕೆ, ಗೋಣಿಚೀಲ ಸಾಕು.”

“ಶುರುವಾಯ್ತು ನೋಡು,” ಎಂದಳು ಅಂಚು ನಯ ಮಾಡುವ ಹೆಂಗಸು. ಅವಳನ್ನು ಎಲ್ಲರೂ ಅಂಚಕ್ಕ ಎನ್ನುತ್ತಿದ್ದರು. “ಇವನ ಕಣ್ಣಿಗೆ ಒಳ್ಳೆ ಆಟಗಾರ ಅನ್ನೋನು ಇನ್ನೂ ಹುಟ್ಟಿಲ್ಲ.”

“ಲೋ, ಈ ಸಲ ಮೂವತ್ತು ಗೋಲು ಹೊಡ್ದಿದಾನೆ ಅವನು,” ಎಂದ ಡ್ರೈವರ್. “ನಿಮ್ಮಪ್ಪ ಹೊಡ್ದಿದ್ನಾ?”

“ನಮ್ಮಪ್ಪನ ವಿಷಯ ಬಿಡು, ಅವನು ನನಗೆ ಬಿಟ್ರೆ ಯಾರಿಗೂ ಹೊಡ್ದಿಲ್ಲ. ಆ ಮೂವತ್ತರಲ್ಲಿ ಇಪ್ಪತ್ತಕ್ಕೆ ಚೆಂಡು ತಂದು ಕಾಲ ಮುಂದೆ ಇಟ್ಟೋನು ಒಬ್ಬ ಇದಾನೆ. ಅವನ ಹೆಸರು ಹೇಳು ನೋಡೋಣ.”

ಡ್ರೈವರ್ ಮುಂದಿನ ತುತ್ತನ್ನು ನಿಧಾನವಾಗಿ ಅಗಿದ. “ಅದೇ... ಗಿಡ್ಡಕ್ಕೆ ಇದಾನಲ್ಲ.”

“ಗಿಡ್ಡಕ್ಕೆ ಇರೋದು ಹೆಸರಲ್ಲ ಮಾಮ. ನೋಡಿದ್ಯಾ? ಐದು ಜನರ ಕಾಲಡಿ ನುಸುಳಿ ಚೆಂಡು ತಂದೋನು ‘ಗಿಡ್ಡ’. ಖಾಲಿ ಗೋಲಿಗೆ ಚೆಂಡು ತಳ್ಳಿದೋನು ದೇವರು. ಆ ದೇವರು ಒಂದು ದಿನವಾದ್ರೂ ಮೈಕಿನ ಮುಂದೆ ಆ ಗಿಡ್ಡನ ಹೆಸರು ಎತ್ತಿದಾನಾ? ನಾಚಿಕೆ ಬೇಡ್ವಾ ಮನುಷ್ಯನಿಗೆ?”

ದನಿ ಫುಟ್‌ಬಾಲಿಗೆ ಬೇಕಾದ್ದಕ್ಕಿಂತ ಜಾಸ್ತಿ ಏರಿತ್ತು. ಅಂಚಕ್ಕ ಕಣ್ಣಿನಲ್ಲೇ ಸುಮ್ಮನಿರು ಎಂದಳು. ಗೋಡೆಗೊರಗಿ ಕೂತಿದ್ದ ವಜ್ರ ಡಬ್ಬಿ ಮುಚ್ಚಿ, ಎಂದೂ ನಡುವೆ ಬಾಯಿ ಹಾಕದವನು ಮಾತಾಡಿದ.

“ಹಿಡಿಯೋನ ಕಣ್ಣಿಗೆ ಹೊಡೆಯೋದು ಯಾವಾಗ್ಲೂ ಸುಲಭ ಅಂತಲೇ ಕಾಣೋದು.”

ಅಂಪೈರನ ಕಿವಿ ಬಿಸಿಯಾಯಿತು. ತಮಾಷೆ ಮಾಡಿ ಜಾರಿಕೊಳ್ಳಲು ಬಾಯಿ ತೆರೆದ, ಬಂದದ್ದು ಬೇರೆಯದೇ.

“ಹೊಡೆಯೋನಿಗೆ ಹಿಡಿಯೋನು ಇದಾನೆ ಅನ್ನೋದೇ ಕಾಣಲ್ವಲ್ಲ ಅಣ್ಣಾ, ಅದಕ್ಕೇನಂತೀರಿ?”

ವಜ್ರ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. “ಸರಿ. ಆ ಅಂಗಡಿ ಗಾಜು ನಾಳೆ ನೀನು ಗೀರು. ನಾನು ಹಿಡೀತೀನಿ. ಯಜಮಾನ್ರೂ ನೋಡ್ಲಿ.”

ಮನೆಗೆ ಬಂದರೂ ಅಂಪೈರನ ಸಿಟ್ಟು ಚಪ್ಪಲಿಯ ಜೊತೆ ಬಾಗಿಲಲ್ಲಿ ಉಳಿಯಲಿಲ್ಲ. ಎರಡು ಕೋಣೆಯ ಮನೆ. ಅಮ್ಮ ಒಳಗೆ ಬಟ್ಟೆ ಮಡಚುತ್ತಿದ್ದಳು, ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಅಕ್ಕ ಒಂದು ಕಾಲಕ್ಕೆ ಎಂಟುನೂರು ಮೀಟರ್ ಓಡುತ್ತಿದ್ದವಳು. ಆ ಮನೆಯಲ್ಲಿ ಆಟ ಆಡಿದವಳು ಅವಳೊಬ್ಬಳೇ, ಆಟದ ಬಗ್ಗೆ ಬಾಯಿಬಿಡದವಳೂ ಅವಳೊಬ್ಬಳೇ. ಅಂಪೈರ್ ನಡೆದದ್ದನ್ನೆಲ್ಲ ಕೈಬೀಸಿ ಹೇಳಿದ.

“ಆ ವಜ್ರ ನಿಜಕ್ಕೂ ಅಷ್ಟು ದೊಡ್ಡ ಕೆಲಸಗಾರನಾ?” ಎಂದು ಕೇಳಿದಳು ಅಕ್ಕ.

“ಬೆಳಿಗ್ಗೆ ಹೌದು. ಮಧ್ಯಾಹ್ನದ ಮೇಲೆ ಓವರ್‌ರೇಟೆಡ್.”

“ನಮ್ಮ ಕಾಲೇಜಲ್ಲೂ ಒಬ್ಬಳಿದ್ಲು. ಪೇಪರಲ್ಲೆಲ್ಲ ಅವಳ ಫೋಟೋನೇ. ಸಿಕ್ಕವರಿಗೆಲ್ಲ ನಾನೂ ಹೀಗೇ ಹೇಳ್ತಿದ್ದೆ, ಅವಳದು ಬರೀ ಹೆಸರು ಅಂತ. ಹೆಸರು ನಿಜಕ್ಕೂ ಜಾಸ್ತೀನೇ ಇತ್ತು ಕಣೋ.” ಅಕ್ಕ ಮೊಣಕಾಲು ಒತ್ತಿಕೊಂಡಳು. “ಆದ್ರೆ ಪ್ರತಿ ಸಲ ನನಗಿಂತ ನಾಲ್ಕು ಸೆಕೆಂಡು ಮುಂದೆ. ಆ ನಾಲ್ಕು ಸೆಕೆಂಡನ್ನ ಬೈದು ಕಮ್ಮಿ ಮಾಡೋಕೆ ನಂಗೆ ಆಗ್ಲಿಲ್ಲ.”

“ನೀನೂ ಅವರ ಕಡೆನೇ ಹೋಗು,” ಎಂದು ಅಂಪೈರ್ ಗೋಡೆಗೆ ಮುಖಮಾಡಿ ಮಲಗಿದ.

ಬೆಳಿಗ್ಗೆ ಹತ್ತಕ್ಕೆ ಗಾಜನ್ನು ಮೇಜಿಗೇರಿಸಿದರು. ಯಜಮಾನರು ಕೈಕಟ್ಟಿ ನಿಂತರು. ಡ್ರೈವರ್, ಗಾಜನ್ನು ವ್ಯಾನಿಗೇರಿಸುವ ನೆಪದಲ್ಲಿ ಅಲ್ಲೇ ನಿಂತ. ವಜ್ರ ಒಂದೂ ಮಾತಿಲ್ಲದೆ ಚಕ್ರವನ್ನು ಅಂಪೈರನ ಕೈಗಿಟ್ಟು, ಈ ತುದಿಗೆ ಬಂದು ನಿಂತ.

ಅಂಪೈರ್ ಗೀರತೊಡಗಿದ. ಚಕ್ರ ಸರಿಯಾಗಿ ಓಡಿದರೆ ರೇಷ್ಮೆ ಹರಿದಂಥ ಒಂದೇ ಸದ್ದು. ಮುಕ್ಕಾಲು ಪಾಲು ಅದೇ ಸದ್ದು ಬಂತು. ಕೊನೆಯ ಮೊಳದಲ್ಲಿ ಒಂದು ಕಡೆ ಸದ್ದು ತಪ್ಪಿತು. ಅಲ್ಲಿ ಗೀರು ಬಿದ್ದಿರಲಿಲ್ಲ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಬಿಟ್ಟಲ್ಲಿ ಬಿಟ್ಟು ಒತ್ತಬೇಕು. ಒಮ್ಮೆ ಗೀರಿದ ಗೀರಿನ ಮೇಲೆ ಮತ್ತೆ ಚಕ್ರ ಓಡಿಸಿದರೆ ಗಾಜು ಪುಡಿಯೆದ್ದು ಬಿರುಕಿಗೆ ಹತ್ತು ದಾರಿ ಸಿಗುತ್ತವೆ. ಗಾಜಿನ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ ಅದು. ಆದರೆ ಅಂಪೈರ್ ತಲೆಯೆತ್ತಿದಾಗ ವಜ್ರ ಆ ತಪ್ಪಿದ ಜಾಗವನ್ನೇ ನೋಡುತ್ತಿದ್ದ. ಆ ನೋಟವನ್ನು ಅಂಪೈರನಿಗೆ ತಡೆಯಲಾಗಲಿಲ್ಲ. ಹಲ್ಲು ಕಚ್ಚಿ ಆ ಮೊಳದುದ್ದವನ್ನು ಎರಡನೇ ಸಲ ಗೀರಿದ.

ಇಬ್ಬರೂ ಒತ್ತಿದರು. ಬಿರುಕು ಅಂಪೈರನ ಕೈಕೆಳಗೆ ಹುಟ್ಟಿ ನೇರ ಓಡಿತು, ಕೊನೆಯ ಮೊಳಕ್ಕೆ ಮುಟ್ಟಿತು, ನಡುಗಿತು. ಈಗ, ಎಂದುಕೊಂಡ ಅಂಪೈರ್. ಈಗ ಬಲ ಅಂಗೈ. ವಜ್ರನ ಅಂಗೈ ಕಲ್ಲಿನ ಹಾಗೆ ಕೂತಿತ್ತು. ಬಿರುಕು ಓರೆಗೆ ತಿರುಗಿ, ಗಾಜಿನ ಅರ್ಧವನ್ನೇ ಸೀಳಿಕೊಂಡು ಆಚೆ ಹೋಯಿತು.

ಡ್ರೈವರ್ ವ್ಯಾನಿನ ಕಡೆ ನಡೆದ.

“ಏನಾಯ್ತು?” ಎಂದರು ಯಜಮಾನರು.

“ಎರಡು ಸಲ ಗೀರಿದ,” ಎಂದ ವಜ್ರ. ಸುಳ್ಳಲ್ಲ.

“ಹೌದು, ಗೀರಿದೆ. ನಂದೇ ತಪ್ಪು,” ಎಂದ ಅಂಪೈರ್. “ಆದ್ರೆ ಇವರು ಅಂಗೈ ಎತ್ತಲಿಲ್ಲ. ದಿನಾ ಮಧ್ಯಾಹ್ನ ಇವರ ಗೀರು ತಪ್ಪಿದಾಗ ನಾನು ಎತ್ತಲ್ವಾ? ಎರಡು ವರ್ಷದಿಂದ ಎತ್ತಿ ಎತ್ತಿ ಇವರ ಹೆಸರು ಉಳಿಸ್ತಾ ಇದೀನಿ. ಒಂದೇ ಒಂದು ದಿನ ನನಗೋಸ್ಕರ ಎತ್ತೋಕೆ ಇವರಿಗೇನಾಗಿತ್ತು?”

ವಜ್ರ ಅವನನ್ನೇ ನೋಡಿದ. “ಏನು ಎತ್ತೋದು?”

ನಾಟಕ ಅಂದುಕೊಂಡ ಅಂಪೈರ್, ಆ ಮುಖವನ್ನು ದಿಟ್ಟಿಸಿದ. ಅಲ್ಲಿ ನಾಟಕ ಇರಲಿಲ್ಲ. ವಜ್ರನಿಗೆ ಗೊತ್ತೇ ಇರಲಿಲ್ಲ. ತಾನು ಎರಡು ವರ್ಷ ಹಗಲೂ ರಾತ್ರಿ ಮನಸ್ಸಿನಲ್ಲಿ ಬೈದದ್ದು, ತಾನೇ ಬಾಯಿಬಿಟ್ಟು ಹೇಳದ ವಿಷಯಕ್ಕೆ. ಅದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇನ್ನೂ ಏರಿತು, ಈ ಸಲ ಪಾಲುದಾರಿಕೆಯಲ್ಲಿ: ಅರ್ಧ ವಜ್ರನ ಮೇಲೆ, ಅರ್ಧ ತನ್ನ ಮೇಲೆ.

“ಬನ್ನಿ ತೋರಿಸ್ತೀನಿ,” ಎಂದು ರದ್ದಿ ರಾಶಿಯಿಂದ ಒಂದು ಉದ್ದ ಗಾಜು ಎಳೆದು ಮೇಜಿನ ಮೇಲೆ ಹಾಕಿದ. “ಬೇಕಂತಲೇ ಕೆಟ್ಟದಾಗಿ ಗೀರಿ. ನಡುವೆ ಬಿಟ್ಟುಬಿಟ್ಟು. ಇನ್ನೂ ಕೆಟ್ಟದಾಗಿ.”

ವಜ್ರ ಗೀರಿದ. ಯಜಮಾನರು ಬಗ್ಗಿ ನೋಡಿ, ಇದು ಒಡೆದ ಹಾಗೇ ಎಂದರು. ವಜ್ರ, ಅಂಪೈರ್ ಇಬ್ಬರೂ ಒತ್ತಿದರು. ಅಂಪೈರನ ಬಲ ಅಂಗೈ ಒಮ್ಮೆ ಎದ್ದಿತು, ಮತ್ತೊಮ್ಮೆ ಎದ್ದಿತು. ಗಾಜು ಅಳತೆಪಟ್ಟಿ ಇಟ್ಟ ಹಾಗೆ ಎರಡಾಯಿತು. ಇನ್ನೊಂದು ಹಾಕಿದರು, ಅದೂ ಹಾಗೇ. ಅಂಚಕ್ಕ ತನ್ನ ಯಂತ್ರ ನಿಲ್ಲಿಸಿ ಬಂದು ನಿಂತಿದ್ದಳು.

ಯಜಮಾನರ ಮುಖ ಅರಳಿತು. ಅಂಪೈರನ ಬೆನ್ನು ತಟ್ಟಿದರು. “ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ? ಇಂಥ ಹಿಡಿಯೋನನ್ನ ನಾನು ಊರೆಲ್ಲ ಹುಡುಕಿದ್ರೂ ಸಿಗಲ್ಲ. ವಜ್ರನ ಜೊತೆ ಹೊಸ ಕಾರ್ಖಾನೆಗೆ ನೀನೂ ಹೊರಡು. ಇಲ್ಲಿಗೆ ಗೀರೋನನ್ನ ಹೊರಗಿಂದ ತರೋಣ.”

ಅಂಪೈರನಿಗೆ ಇದು ತಲೆಗಿಳಿಯಲು ಒಂದು ಗಳಿಗೆ ಬೇಕಾಯಿತು. ಆರು ವರ್ಷ ಯಾರೂ ತನ್ನನ್ನು ಕಾಣಲಿಲ್ಲವೆಂದು ಕುದ್ದದ್ದಾಯಿತು. ಈಗ ಕಂಡರು, ಕಂಡ ಕೂಡಲೇ ಅಲ್ಲೇ ಮೊಳೆ ಹೊಡೆದು ಕೂರಿಸಿದರು. ವಾದದಲ್ಲಿ ಗೆದ್ದು ಚಕ್ರ ಕಳೆದುಕೊಂಡವನು ತಾನೊಬ್ಬನೇ ಇರಬೇಕು.

“ಅಂದ್ರೆ ನಾನು ಕೆಟ್ಟದಾಗಿ ಹಿಡಿದಿದ್ರೆ ಚಕ್ರ ಕೊಡ್ತಿದ್ರಾ?”

“ಕೆಟ್ಟದಾಗಿ ಹಿಡಿದಿದ್ರೆ ಮನೆಗೆ ಕಳಿಸ್ತಿದ್ದೆ.”

“ಹಾಗಾದ್ರೆ ಕೇಳಿ.” ಈ ಸಲ ಅವನು ಮೊದಲೇ ನಗಲಿಲ್ಲ. “ಹೊಸ ಕಾರ್ಖಾನೆಗೆ ಬರ್ತೀನಿ. ಬೆಳಿಗ್ಗೆ ಅಣ್ಣ ಗೀರ್ಲಿ, ನಾನು ಹಿಡೀತೀನಿ. ಮಧ್ಯಾಹ್ನ ನಾನು ಗೀರ್ತೀನಿ. ಆಗಲ್ಲ ಅಂದ್ರೆ ಇವತ್ತಿಂದ ನಾನು ಅಂಗೈ ಎತ್ತಲ್ಲ. ಬಿರುಕು ಎಲ್ಲಿಗೆ ಹೋಗುತ್ತೋ ಹೋಗ್ಲಿ.”

“ಹೆದರಿಸ್ತೀಯೇನೋ?” ಯಜಮಾನರ ನಗು ಆರಿತು. “ಈಗಷ್ಟೇ ಒಂದು ಗಾಜು ಎರಡು ಸಲ ಗೀರಿ ಹಾಳು ಮಾಡಿದೋನು ನೀನು.”

“ಹಾಳು ಮಾಡಿದೆ. ಕಲೀತೀನಿ. ಆದ್ರೆ ಎತ್ತಲ್ಲ.”

ಯಜಮಾನರು ವಜ್ರನ ಕಡೆ ತಿರುಗಿದರು. ವಜ್ರ ತನ್ನ ಬಲ ಅಂಗೈಯನ್ನು ಮಗುಚಿ ನೋಡಿಕೊಳ್ಳುತ್ತಿದ್ದ. ಎರಡು ವರ್ಷದಲ್ಲಿ ತನ್ನದೆಂದು ತಿಳಿದಿದ್ದ ಯಾವ ಯಾವ ಗಾಜು ತನ್ನದಲ್ಲ ಎಂದು ಲೆಕ್ಕ ಹಾಕುವವನ ಹಾಗೆ ಅವನ ಮುಖ ಗಂಟಿಕ್ಕಿತ್ತು. ಅಂಪೈರನ ಮುಖ ನೋಡದೆಯೇ ಹೇಳಿದ.

“ಮಧ್ಯಾಹ್ನ ನನ್ನ ಕೈ ಸೋಲುತ್ತೆ ಅಂತ ನಾಲ್ಕು ಜನರ ಮುಂದೆ ಹೇಳ್ದೆ. ಅದನ್ನ ನಾನು ಮರೆಯಲ್ಲ.”

“ಮರೀಬೇಡಿ,” ಎಂದ ಅಂಪೈರ್.

“ಆದ್ರೆ ಅದು ನಿಜ, ಯಜಮಾನ್ರೇ. ಮಧ್ಯಾಹ್ನ ಇವನೇ ಗೀರ್ಲಿ. ನನಗೆ ಎತ್ತೋದು ಬರೋವರೆಗೂ ಇವನು ಗೀರಿದ್ದೆಲ್ಲ ಒಡೆಯುತ್ತೆ. ರದ್ದಿ ಗಾಜೇ ಇರ್ಲಿ ಅಲ್ಲೀವರೆಗೂ.”

ಯಜಮಾನರು ಇಬ್ಬರನ್ನೂ ನೋಡಿ, “ಏನಾದ್ರೂ ಮಾಡ್ಕೊಳ್ಳಿ” ಎಂದು ಗೊಣಗಿ, ಗಾಜು ತಡವಾಗುವುದಕ್ಕೆ ಅಂಗಡಿಯವರಿಗೆ ಫೋನ್ ಮಾಡಿ ಸುಳ್ಳು ಹೇಳಲು ಒಳಗೆ ಹೋದರು.

ಅಂದು ಮಧ್ಯಾಹ್ನ ಊಟಕ್ಕೆ ಇಬ್ಬರೂ ಹೋಗಲಿಲ್ಲ. ಅಂಪೈರ್ ಗೀರಿದ, ವಜ್ರ ಈ ತುದಿಯಲ್ಲಿ ಹಿಡಿದ. ಮೊದಲ ಗಾಜು ಓರೆಯಾಗಿ ಸೀಳಿತು.

“ತಡ ಮಾಡಿದ್ರಿ,” ಎಂದ ಅಂಪೈರ್.

“ನಡುಕ ಎಲ್ಲಿತ್ತು, ನಂಗೇನೂ ತಿಳೀಲಿಲ್ಲ.”

“ಅಂಗೈ ಒತ್ತಿ ಇಟ್ರೆ ತಿಳಿಯಲ್ಲ. ಹಗುರ ಇಡ್ಬೇಕು. ನೀವು ಮೇಜನ್ನೇ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರಿ.”

“ನೀನು ಮೊದ್ಲು ನೆಟ್ಟಗೆ ಗೀರು. ಕೊನೇಲಿ ಉಸಿರು ಬಿಟ್ಟುಬಿಡ್ತೀಯ, ಅದಕ್ಕೇ ತಪ್ಪೋದು.”

ಎರಡನೆಯದು ಒಡೆಯಿತು. ಮೂರನೆಯದು ಒಡೆಯಿತು. ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡೇ ಚೂರುಗಳನ್ನು ಗುಡಿಸಿದರು. ನಾಲ್ಕನೆಯ ಗಾಜನ್ನು ರಾಶಿಯಿಂದ ಎಳೆದು ತಂದವನು ವಜ್ರ. ಮೇಜಿನ ಮೇಲಿಟ್ಟು, ಈ ತುದಿಗೆ ಬಂದು, ಅಂಗೈಯನ್ನು ಹಗುರವಾಗಿ ಊರಿ, “ಹೂಂ” ಎಂದ.