ಬಳೆಯ ಕೆಳಗಿನ ರಕ್ತ

ಓದುವವರಿಗೆಲ್ಲ ನಮಸ್ಕಾರ. ನಾನು ಮೀಸೆ ಬಂದ ಮೇಲೆ ಹತ್ತನೇ ತರಗತಿ ಪರೀಕ್ಷೆಗೆ ಕೂತವನು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮುದ್ದೇಬಿಹಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಬಿಲ್ಲಿಂಗ್ ನೋಡುತ್ತೇನೆ. ಮೊದಲು ಸಿಂದಗಿಯಲ್ಲಿ ಔಷಧ ಅಂಗಡಿಯಲ್ಲಿದ್ದೆ. ಆ ಕೆಲಸ ಎಲ್ಲರಿಗೂ ತಿಳಿಯುತ್ತಿತ್ತು. ಈಗಿನದು ಏನೆಂದು ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. ರೋಗಿಗೆ ಮಾಡಿದ ಪ್ರತಿ ಪರೀಕ್ಷೆಗೂ ಒಂದು ಕೋಡ್, ಅಂದರೆ ಗುರುತಿನ ಸಂಖ್ಯೆ ಇರುತ್ತದೆ. ವಿಮೆ ಇದ್ದವರಾದರೆ ಆ ಕೋಡ್ ಹಾಕಿ, ವರದಿ ಜೋಡಿಸಿ ಕಂಪ್ಯೂಟರಿನಲ್ಲಿ ವಿಮೆ ಕಚೇರಿಗೆ ಕಳಿಸುತ್ತೇನೆ. ಅಲ್ಲಿ ಕೂತವರು ರೋಗಿಯ ಮುಖ ನೋಡಿರುವುದಿಲ್ಲ. ನಾವು ಕಳಿಸಿದ್ದನ್ನು ನೋಡಿಯೇ ಹೂಂ ಅನ್ನಬೇಕು, ಇಲ್ಲವೇ ಪ್ರಶ್ನೆ ಕೇಳಬೇಕು.

ಈ ಕೋಡ್‌ಗಳಲ್ಲಿ ಎಬಿಜಿ ಎಂಬುದೊಂದು. ಬೇರೆ ಪರೀಕ್ಷೆಗಳಿಗೆ ಚರ್ಮದ ಮೇಲೆ ಕಾಣುವ ನೀಲಿ ರಕ್ತನಾಳದಿಂದ ರಕ್ತ ತೆಗೆದರೆ ನಡೆಯುತ್ತದೆ. ಇದಕ್ಕೆ ನಾಡಿ ಮಿಡಿಯುವ ರಕ್ತನಾಳಕ್ಕೇ, ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ, ಸೂಜಿ ಹಾಕಬೇಕು. ಎದೆಯೊಳಗಿನ ಉಸಿರಿನ ಕೆಲಸ ಹೇಗೆ ನಡೆದಿದೆ ಎಂದು ಆ ರಕ್ತ ಹೇಳುತ್ತದೆಯಂತೆ. ಎಷ್ಟೋ ಕಾಲ ಆ ಕೋಡ್ ಹಾಕಿದರೂ ನನಗೆ ಇದೆಲ್ಲ ತಿಳಿದಿರಲಿಲ್ಲ. ತಿಳಿದದ್ದು ತಂಗಡಗಿ ಕಡೆಯ ಒಬ್ಬ ಹೆಣ್ಣುಮಗಳಿಂದ.

ಹೋದ ಚಳಿಗಾಲದಲ್ಲಿ ಆಕೆಯನ್ನು ದಮ್ಮು ಹೆಚ್ಚಾಗಿ ತಂದಿದ್ದರು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಎದೆ. ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ, ಗಾಳಿ ಒತ್ತುವ ಯಂತ್ರ ಹಚ್ಚಿದರು. ಜೊತೆಗೆ ಗಂಡ ಮತ್ತು ನಾದಿನಿ ಬಂದಿದ್ದರು. ಮಗ ಸಿಮೆಂಟ್ ಕಾರ್ಖಾನೆಯಲ್ಲಿದ್ದುದರಿಂದ ಅವನ ವಿಮೆಯಲ್ಲಿ ತಾಯಿಯ ಹೆಸರಿತ್ತು. ಗಂಡ ನನ್ನ ಕಿಟಕಿಗೆ ಬಂದು ನೇರವಾಗಿಯೇ ಹೇಳಿದ.

“ಮಂಜೂರ್ ಆಗಲಿಲ್ಲಂದ್ರ ಇವತ್ತ ಸಂಜಿಕ ಮನಿಗೆ ಒಯ್ತೇವ್ರಿ. ಸುಳ್ಳ ಯಾಕ ಹೇಳ್ಲಿ.”

ಆ ಯಂತ್ರ ಬಿಟ್ಟರೆ ಆಕೆ ಉಳಿಯುವುದು ಕಷ್ಟ ಎಂದು ವೈದ್ಯರು ಆಗಲೇ ಹೇಳಿದ್ದರು. ಲಗುಬಗೆಯಿಂದ ಎಲ್ಲ ಕಳಿಸಿದೆ. ಮಧ್ಯಾಹ್ನ ಪ್ರಶ್ನೆ ಬಂತು: ಬೆರಳಿಗೆ ಹಚ್ಚುವ ಮೀಟರು ಆಮ್ಲಜನಕ ಚೆನ್ನಾಗಿದೆ ಅನ್ನುತ್ತದೆ, ಎಬಿಜಿ ವರದಿ ತೀರಾ ಕಡಿಮೆ ಅನ್ನುತ್ತದೆ; ಇದು ನಿಜವಾಗಿ ಎಬಿಜಿ ಹೌದೋ? ನನಗೆ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಎಲ್ಲಿಯೋ ಕೂತು ಎರಡು ಅಂಕಿ ನೋಡಿ ಇದನ್ನು ಹೇಗೆ ಹಿಡಿದರು?

ವರದಿ ತೆಗೆದುಕೊಂಡು ಐಸಿಯುಗೆ ಹೋದೆ. ವೈದ್ಯರು ಅದನ್ನು ನೋಡಿದವರೇ ರಕ್ತ ಎಲ್ಲಿಂದ ತೆಗೆದಿರಿ ಎಂದು ಸಿಸ್ಟರನ್ನು ಕೇಳಿದರು. ಸಿಸ್ಟರ್ ರೋಗಿಯ ಕೈ ತೋರಿಸಿದರು. ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ. ನಾಡಿ ಅವುಗಳ ಕೆಳಗೆ. ಮೇಲೆ ಸರಿಸೋಣವೆಂದರೆ ಕೈ ಬಾತು ಬಿಗಿಯಾಗಿದ್ದವು, ತೆಗೆಯೋಣವೆಂದರೆ ನಾದಿನಿ ಬಿಟ್ಟಿರಲಿಲ್ಲ. ಗಂಡನಿರುವ ಹೆಂಗಸಿನ ಬಳೆಯನ್ನು ಆಸ್ಪತ್ರೆಯಲ್ಲಿ ತೆಗೆಸುವುದೆಂದರೆ ನಮ್ಮ ಕಡೆ ಜೀವ ಹೌಹಾರುತ್ತದೆ. ಅದಕ್ಕೇ ಸಿಸ್ಟರ್ ಮೊಳಕೈ ಮಡಿಕೆಯಲ್ಲಿ ನಾಡಿ ಹುಡುಕಿ ಸೂಜಿ ಹಾಕಿದ್ದರು. ಆದರೆ ಸೂಜಿಗೆ ಪಕ್ಕದ ನೀಲಿ ರಕ್ತನಾಳ ಸಿಕ್ಕಿತ್ತು. ಪರೀಕ್ಷೆಯ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ನಾವು ಬದಲಿಸಿ ಒತ್ತದಿದ್ದರೆ ಯಾವ ರಕ್ತ ಕೊಟ್ಟರೂ ನಾಡಿಯದೆಂದೇ ಅಚ್ಚು ಹಾಕುತ್ತದೆ. ಆ ಅಚ್ಚು ನೋಡಿ ನಾನು ಕೋಡ್ ಹಾಕಿದ್ದೆ.

ಈಗಲೇ ಮತ್ತೆ ತೆಗೆಯಬೇಕು ಎಂದರು ವೈದ್ಯರು. ನಾದಿನಿ ಮಂಚಕ್ಕೆ ಅಡ್ಡ ನಿಂತಳು.

“ನಮ್ಮ ವೈನಿ ಕೈ ಬರಿದ ಮಾಡಬ್ಯಾಡ್ರಿ. ನಮ್ಮಣ್ಣ ಹೊರಗ ಗಟ್ಟಿಮುಟ್ಟಾಗಿ ಕುಂತಾನ.”

“ಅವರು ಗಟ್ಟಿ ಅದಾರವ್ವಾ,” ಎಂದರು ಸಿಸ್ಟರ್, “ಇವರ ಉಸಿರು ಗಟ್ಟಿ ಇಲ್ಲ.”

ಗಂಡನನ್ನು ಒಳಗೆ ಕರೆಸಿದರು. ಆತ ತಂಗಿಯ ಮುಖ ಒಮ್ಮೆ, ಹೆಂಡತಿಯ ಕೈ ಒಮ್ಮೆ ನೋಡುತ್ತ ನಿಂತ. ಇಷ್ಟೆಲ್ಲ ನಡೆದರೂ ರೋಗಿಯನ್ನು ಯಾರೂ ಕೇಳಿರಲಿಲ್ಲ. ಆಕೆಯೇ ಬಲಗೈ ಎತ್ತಿ ಸಿಸ್ಟರ್ ಮುಂದೆ ಹಿಡಿದಳು. ಎಡಗೈಯನ್ನು ಚಾದರದೊಳಗೆ ಎಳೆದುಕೊಂಡಳು. ಇದು ನಿಮಗೆ, ಅದು ನನಗೆ ಅನ್ನುವ ಹಾಗೆ. ನಾದಿನಿಗೆ ಅರ್ಥವಾಯಿತು. ಕೈ ಬರಿದಾಗದಿರಲೆಂದು ಅರಿಷಿಣ ತರಿಸಿ ದಾರಕ್ಕೆ ಹಚ್ಚಿ, ಮೊದಲು ಅದನ್ನು ಬಲಗೈಯ ಮೊಳಕೈ ಮೇಲೆ ಕಟ್ಟಿದಳು. ಆಮೇಲೆ ಸಾಬೂನು ಸವರಿ, ಬೇರೆ ಯಾರಿಗೂ ಮುಟ್ಟಗೊಡದೆ, ಒಂದೊಂದೇ ಬಳೆ ಇಳಿಸಿದಳು.

ಈ ಸಲ ಯಾರೂ ಎಳೆಯದೆ ಕೆಂಪು ರಕ್ತ ಮಿಡಿಯುತ್ತ ತಾನೇ ಸಿರಿಂಜಿನೊಳಗೆ ಏರಿತು. ಮೊದಲಿನದು ನೇರಳೆ ಹಣ್ಣಿನ ಹಾಗೆ ಕಪ್ಪಗಿತ್ತೆಂದು ಸಿಸ್ಟರ್ ಹೇಳಿದರು. ಒಂದೇ ಮೈಯಲ್ಲಿ ಎರಡು ಬಣ್ಣದ ರಕ್ತ ಓಡುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಹೊಸ ವರದಿ ಬಂತು; ಆಮ್ಲಜನಕ ಮೀಟರಿನಷ್ಟೇ ಇದ್ದರೂ ಹೊರಹೋಗಬೇಕಾದ ಕೆಟ್ಟ ಗಾಳಿ ಒಳಗೇ ತುಂಬಿದೆ, ಯಂತ್ರ ಬೇಕೇ ಬೇಕು ಎಂದರು ವೈದ್ಯರು. ಉತ್ತರ ಬರೆಯಲು ಕೂತರೆ ಇನ್ನೊಂದು ತೊಡಕು. ಪರೀಕ್ಷೆ ಮತ್ತೆ ಯಾಕೆ ಎಂಬಲ್ಲಿ ಕಂಪ್ಯೂಟರ್ ತಾನೇ ಕೆಲವು ಕಾರಣ ಕೊಡುತ್ತದೆ: ರಕ್ತ ಹೆಪ್ಪುಗಟ್ಟಿದೆ, ರಕ್ತ ಸಾಲಲಿಲ್ಲ, ಯಂತ್ರ ಕೆಟ್ಟಿದೆ. ಬಳೆ ಎಂಬುದು ಅದರಲ್ಲಿಲ್ಲ. ಹೆಪ್ಪುಗಟ್ಟಿತ್ತು ಅಂತ ಹಾಕಿಬಿಡು, ಬೇಗ ಮುಗಿಯುತ್ತದೆ ಎಂದ ಪಕ್ಕದ ಕುರ್ಚಿಯವ. ಹೆಪ್ಪುಗಟ್ಟಿದ ರಕ್ತಕ್ಕೆ ವರದಿ ಹೇಗೆ ಬಂತು ಎಂದು ವಿಮೆಯವರು ಕೇಳದೆ ಬಿಡುತ್ತಾರೆಯೇ? ಮೊದಲಿನದರ ಎಬಿಜಿ ಕೋಡ್ ತೆಗೆದೆ, ‘ಇತರೆ’ ಒತ್ತಿದೆ, ನಡೆದದ್ದನ್ನೇ ಬರೆದು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ವಿಮೆ ಕಚೇರಿಯ ವೈದ್ಯೆ, ಮಾತು ನಮ್ಮ ಕಡೆಯದೇ.

“ಬಳಿ ಅಂತ ಬರದೀರಲ್ಲ, ಖರೇನ?”

“ಖರೇರಿ ಮೇಡಂ. ಮುಂಗೈ ತುಂಬ ಇದ್ದೂ.”

“ಒಡದ್ರೇನು?”

“ಇಲ್ರಿ, ಅವರ ನಾದಿನೀನ ಇಳಿಸಿದ್ಳು.”

“ನಮ್ಮವ್ವನೂ ಬಿಡ್ತಿರಲಿಲ್ಲ,” ಎಂದು ಫೋನ್ ಇಟ್ಟರು. ಕತ್ತಲಾಗುವ ಮೊದಲು ಮಂಜೂರಾತಿ ಬಂತು. ಗಂಡನಿಗೆ ಹೇಳಿದೆ. ಆತ ಮನೆಗೆ ಹೋಗಲು ಹೇಳಿಟ್ಟಿದ್ದ ಗಾಡಿಯವನಿಗೆ ಬರಬೇಡ ಎಂದು ಹೇಳಲು ಹೊರಗೆ ನಡೆದ.

ಕೆಲವು ದಿನಗಳಲ್ಲಿ ಆಕೆಗೆ ಚಹಾ ಕುಡಿಯುವಷ್ಟು ಹೊತ್ತು ಮಾಸ್ಕ್ ತೆಗೆಯತೊಡಗಿದರು. ಸಹಿಗೆಂದು ಹೋದ ನನ್ನನ್ನು ನಿಲ್ಲಿಸಿ ಕೇಳಿದಳು, “ಎಲ್ಲೋ ಕುಂತವರಿಗೆ ನನ್ನ ಉಸಿರು ಹೆಂಗ ತಿಳೀತ್ರಿ?”

ರಕ್ತ ಹೇಳುತ್ತದಂತೆ ಎಂದೆ.

“ನಮ್ಮ ನಾದಿನಿ ತಲಿ ತಿಂದದ್ದೂ ಹೇಳಿರಬೇಕಲಾ ಹಂಗಾರ.”

“ಮದಲ ಚಾ ಕುಡೀರಿ ವೈನಿ,” ಎಂದಳು ನಾದಿನಿ.

ಈಗ ಎಬಿಜಿ ವರದಿ ಬಂದರೆ, ಕೋಡ್ ಹಾಕುವ ಮೊದಲು ಐಸಿಯುಗೆ ಹೋಗಿ ರಕ್ತ ಎಲ್ಲಿಯದೆಂದು ಕೇಳಿ ಬರುತ್ತೇನೆ. ಇಂಡಿ, ಚಡಚಣ ಕಡೆಯ ಆಸ್ಪತ್ರೆಗಳಲ್ಲಿ, ಅಥವಾ ನೀವಿರುವ ಊರಿನಲ್ಲಿ, ಇಂಥ ಹೊತ್ತು ಬಂದಾಗ ಮನೆಯವರು ಏನು ಹೇಳಿದರು, ಸಿಸ್ಟರುಗಳು ಹೇಗೆ ಸಂಭಾಳಿಸಿದರು? ನೀವು ಕಂಡದ್ದನ್ನು ಬರೆಯಿರಿ. ನಾನು ಬರೆಯುವುದು ನಿಧಾನ, ಓದುವುದು ಅಷ್ಟು ನಿಧಾನವಲ್ಲ.