ವಿಶ್ವವಿದ್ಯಾಲಯದ ಇತಿಹಾಸದ ಎರಡನೆಯ ವಾಕ್ಯ

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿದೆ. ಖಾಸಗಿಯವರದು. ಈಚೆಗೆ ಅದರ ಹೆಸರಿನ ಜೊತೆ ‘ಸಂಶೋಧನಾ’ ಎಂಬ ಪದವೂ ಸೇರಿಕೊಂಡಿದೆ. ಅಲ್ಲೇ ಓದಿದೆ, ಈಗ ಅಲ್ಲಿನ ಪ್ರಕಟಣಾ ವಿಭಾಗದಲ್ಲಿದ್ದೇನೆ. ಹೋದ ವರ್ಷ ಹೊರಗಿನಿಂದ ಒಂದು ಪರಿಶೀಲನಾ ತಂಡ ಬರುವುದಿತ್ತು. ಅವರಿಗೆ ಕೊಡಲು ಸಂಸ್ಥೆಯ ಇತಿಹಾಸ ಮತ್ತು ಇಂದಿನ ಪರಿಚಯವನ್ನು ಪುಸ್ತಿಕೆ ಮಾಡಬೇಕೆಂದು ತೀರ್ಮಾನವಾಯಿತು. ಇಂಗ್ಲಿಷಿನದು ಮೊದಲೇ ತಯಾರಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಮೇಜಿಗೆ ಬಂತು.

ಮೊದಲ ವಾಕ್ಯದಲ್ಲಿ ಸ್ಥಾಪಕರ ಕನಸಿತ್ತು. ಯಾವ ಉಪಯೋಗಕ್ಕೂ ಬಾರದೆ ಬಿದ್ದಿದ್ದ ಬಂಜರು ನೆಲದಲ್ಲಿ ಸಂಸ್ಥೆ ತಲೆಯೆತ್ತಿತು ಎಂಬುದು ಎರಡನೆಯ ವಾಕ್ಯ. ನಾನು ಅದನ್ನು ಕೈ ನಿಲ್ಲಿಸದೆ ಟೈಪ್ ಮಾಡಿದೆ. ಮುಂದೆ ತಗಡಿನ ಶೆಡ್ಡುಗಳಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಫಾರ್ಮಸಿ, ಹಾಸ್ಟೆಲುಗಳು, ವಿಶ್ವವಿದ್ಯಾಲಯದ ಮಾನ್ಯತೆ, ಪ್ರಯೋಗಾಲಯಗಳು, ವಿದೇಶದವರೊಂದಿಗೆ ಒಪ್ಪಂದಗಳು. ಅಂಕಿಗಳನ್ನು ವಿಭಾಗಗಳು ಕಳಿಸಬೇಕಿತ್ತು. ಅಲ್ಲೆಲ್ಲ ಜಾಗ ಬಿಟ್ಟು ಮುಂದೆ ಹೋದೆ. ಕೊನೆಯ ಪುಟದಲ್ಲಿ ಒಣಬೇಸಾಯದ ಬೆಳೆಗಳ ಸಂಶೋಧನಾ ಕೇಂದ್ರದ ಬಗ್ಗೆ ಒಂದು ಪ್ಯಾರಾ ಇತ್ತು. ಅಲ್ಲಿ ಹಸಿರು ಬಲೆಯ ಕೆಳಗೆ, ನಂಬರು ಬರೆದ ಕುಂಡಗಳಲ್ಲಿ ಹುರುಳಿ, ನಮ್ಮೂರಿನ ಮಾತಲ್ಲಿ ಉಳ್ಳಿ, ಬೆಳೆಸುತ್ತಾರೆ.

ಆ ಕುಂಡಗಳಿಗೆ ಆಗ ನೀರು ಹಾಕುತ್ತಿದ್ದುದು ನನ್ನ ಅಪ್ಪ. ಕ್ಯಾಂಪಸ್ಸಿನ ಹುಲ್ಲುಹಾಸು, ಬೇಲಿಗಿಡಗಳು, ಆಡಳಿತ ಕಟ್ಟಡದ ಮುಂದಿನ ಕ್ರೋಟನ್ ಸಾಲು ಎಲ್ಲವೂ ಅವನ ಮತ್ತು ಇನ್ನಿಬ್ಬರ ಪಾಲಿನವಾಗಿದ್ದವು. ಅವನು ನನ್ನ ಅಪ್ಪ ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಕಚೇರಿಯ ಜಗಲಿಯಲ್ಲಿ ಎದುರಾದ. ನನ್ನ ಪಕ್ಕದಲ್ಲಿ ಮೈಸೂರಿನಿಂದ ಬರುವ ಸಹೋದ್ಯೋಗಿಯೊಬ್ಬರಿದ್ದರು. ಅಪ್ಪ ಪೈಪು ಕೆಳಗಿಟ್ಟು, “ನಮಸ್ಕಾರ ಮೇಡಮ್ಮೋರೆ” ಅಂದ. ನಾನೂ ನಮಸ್ಕಾರ ಅಂದೆ. ಮನೆಗೆ ಬಂದ ಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ನಾನು ಮುಂದಿನ ಗೇಟಿನಿಂದ ಹೋಗುತ್ತಿದ್ದೆ, ಅವನು ನನಗಿಂತ ಮುಂಚೆ ಹಿಂದಿನ ಗೇಟಿನಿಂದ.

ಪುಸ್ತಿಕೆಯ ಕೆಲಸ ಅಪ್ಪನ ನೌಕರಿಯ ಕೊನೆಯ ತಿಂಗಳಲ್ಲಿ ಬಂತು. ಅರವತ್ತು ತುಂಬಿತ್ತು, ತಿಂಗಳು ಮುಗಿದರೆ ಗುರುತಿನ ಚೀಟಿ ವಾಪಸು ಕೊಡಬೇಕು. ಒಂದು ಭಾನುವಾರ ಬೆಳಿಗ್ಗೆ ನಾನು ಅಚ್ಚು ತೆಗೆದ ಹಾಳೆಗಳನ್ನು ತಿದ್ದುತ್ತಿದ್ದೆ. ಅಪ್ಪ ಬಾಗಿಲ ಹತ್ತಿರ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದ.

“ಏನವ್ವಾ ಅದು, ರಜಾ ದಿನಾನೂವೆ?”

“ಯೂನಿವರ್ಸಿಟಿ ಇತಿಹಾಸ.”

“ಓದು ಮತ್ತೆ, ಕೇಳವ.”

ಎರಡು ವಾಕ್ಯ ಓದಿದೆ. ಅಪ್ಪನ ಕೈ ನಿಂತಿತು.

“ಬಂಜರಾ? ಯಾವೋನ್ ಯೋಳ್ದ ಬಂಜರು ಅಂತವ?”

“ಇಂಗ್ಲಿಷ್‌ನಲ್ಲಿ ಹಾಗಿದೆ.”

“ಇಂಗ್ಲೀಸ್ನೋರೇನು ಬಂದು ಉತ್ತು ನೋಡಿದ್ರಾ? ನಾವು ಉಳ್ಳಿ ಬೆಳೀತಿರ್ನಿಲ್ವಾ ಅಲ್ಲಿ?”

ಅವ್ವ ಒಳಗಿನಿಂದ, “ಸುರುವಾಯ್ತು ನಿಮ್ಮಪ್ಪನ ಉಳ್ಳಿ ಪುರಾಣ. ಇನ್ನ ಊಟದಗಂಟ ನಿಲ್ಲಕ್ಕಿಲ್ಲ ಕಣವ್ವಾ” ಅಂದಳು.

“ನೀ ಸುಮ್ಕಿರಮ್ಮಿ. ಕಟ್ಟು ಕಾಯಿಸ್ಕಂಡು ಕುಡೀವಾಗ ಪುರಾಣ ಅನ್ನಿಸ್ನಿಲ್ವಾ?” ಅಂದು ಅಪ್ಪ ನನ್ನ ಕಡೆ ತಿರುಗಿದ. “ನಮ್ ಎಸ್ರು ಗಿಸ್ರು ಬ್ಯಾಡ ಕಣವ್ವಾ. ಇಲ್ಲಿ ಉಳ್ಳಿ ಬೆಳೀತಿದ್ರು ಅಂತ ಒಂದ್ ಮಾತು ಬರಿ. ಬರೋ ತಿಂಗ್ಳಿಂದ ನನ್ನ ಗೇಟೊಳಕ್ಕೆ ಬುಡಕ್ಕಿಲ್ಲ. ಆ ಮಾತೊಂದು ಒಳಗೆ ಇರ್ಲಿ.”

ನೋಡ್ತೀನಿ ಅಂದೆ.

ಆ ನೆಲಕ್ಕೆ ನಮ್ಮೂರಿನಲ್ಲಿ ಖರಾಬು ಅಂತಲೇ ಹೆಸರು. ಪಹಣಿಯಲ್ಲಿ ಹಾಗಿತ್ತು: ಸಾಗುವಳಿಗೆ ಬಾರದ ಸರ್ಕಾರಿ ಜಮೀನು. ಆದರೆ ಅಜ್ಜನ ಕಾಲದಿಂದ ಏಳೆಂಟು ಮನೆಯವರು ಕಲ್ಲು ಆಯ್ದು, ಹದ ನೋಡಿಕೊಂಡು, ಅಲ್ಲಿ ಹುರುಳಿ ಚೆಲ್ಲುತ್ತಿದ್ದರು. ‘ಖರಾಬು ಈ ಸಲ ಚೆಂದಾಗಿ ಬಂದದೆ’ ಎಂದು ಮನೆಯಲ್ಲಿ ಮಾತಾಡುವುದನ್ನು ಕೇಳಿಯೇ ನಾನು ಬೆಳೆದದ್ದು. ಖರಾಬು ಅಂದರೆ ಒಂದು ಬಗೆಯ ಒಳ್ಳೆಯ ಹೊಲ ಎಂದು ತಿಳಿದಿದ್ದೆ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಒಬ್ಬ ಹುಡುಗಿಯ ಅಕ್ಷರ ಖರಾಬಾಗಿದೆ ಎಂದಾಗ, ಹೊಗಳಿದರು ಅಂದುಕೊಂಡು ನನ್ನ ಸ್ಲೇಟನ್ನೂ ಮುಂದೆ ಹಿಡಿದಿದ್ದೆ.

ಬಗರ್ ಹುಕುಂನಲ್ಲಿ ಸಕ್ರಮ ಮಾಡಿಕೊಡಿ ಎಂದು ಅಪ್ಪನೂ ಅರ್ಜಿ ಹಾಕಿದ್ದ. ಖರಾಬನ್ನು ಮಂಜೂರು ಮಾಡಲು ಬರುವುದಿಲ್ಲ ಎಂಬ ಉತ್ತರ ಬಂತು. ಕೆಲವು ವರ್ಷಗಳ ನಂತರ ಅದೇ ನೆಲ ಒಂದು ಟ್ರಸ್ಟಿಗೆ ಮಂಜೂರಾಯಿತು. ಉತ್ತವರಿಗೆ ಕಾಗದವಿರಲಿಲ್ಲ, ಹಾಗಾಗಿ ಜಗಳವೂ ಹೆಚ್ಚು ನಡೆಯಲಿಲ್ಲ. ಟ್ರಸ್ಟಿನವರು ಮನೆಗೊಂದು ಕೆಲಸ ಕೊಟ್ಟರು. ಅಪ್ಪ ಸೇರಿದ. ನೌಕರರ ಮಕ್ಕಳ ಕೋಟಾದಲ್ಲಿ ನಾನು ಸೇರಿದೆ. ಎಂ.ಎ. ಮಾಡಿದೆ. ಇದರಲ್ಲಿ ಯಾವುದರ ಬಗ್ಗೆಯೂ ಸಿಟ್ಟು ಬರಬೇಕೆಂದು ನನಗೆ ಆಗ ತೋಚಲಿಲ್ಲ. ಈಗ ತೋಚುತ್ತದೆ, ಬರುವುದಿಲ್ಲ.

ಸೋಮವಾರ ನಾನು ‘ಬಂಜರು’ ತೆಗೆದು ‘ಖರಾಬು’ ಎಂದು ಹಾಕಿದೆ. ಸರಿಯಾದ ಉಪಾಯ ಅನ್ನಿಸಿತ್ತು. ಓದುವ ತಂಡಕ್ಕೆ ಅದು ಕೆಟ್ಟ ನೆಲ, ಊರಿನವರು ಓದಿದರೆ ತಮ್ಮ ಹೊಲ. ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರಿನವರು, ಅರವತ್ತರ ಹತ್ತಿರದವರು, ಯಾರ ಮೇಲೂ ದನಿ ಎತ್ತದವರು. ಅವರು ನೋಡಿ ಮೆಚ್ಚಿಕೊಂಡರು.

“ಗುಡ್. ರೆವಿನ್ಯೂ ಭಾಷೆಯಲ್ಲೇ ಇದೆ. ತೂಕ ಬಂತು.”

ಸಂಜೆ ಅಪ್ಪನಿಗೆ ಓದಿ ಹೇಳಿದೆ. ಅವನು ಟೀ ಲೋಟ ಹಿಡಿದಿದ್ದ.

“ಖರಾಬು ಅಂತ ಬರ್ದಿದ್ದೀಯಾ?”

“ನಾವು ಹಾಗೇ ಅಲ್ವಾ ಕರೀತಿದ್ದಿದ್ದು?”

“ನಾವು ಕರೀತಿದ್ದು ಬ್ಯಾರೆ. ಆ ಮಾತ ಯೋಳೇ ಕಣವ್ವಾ, ನಿಮ್ಗೆ ಬರಾಕಿಲ್ಲ ಓಗ್ರಿ ಅಂತ ಕಳ್ಸಿದ್ದು. ಈಗ ನೀನೂ ಅದನ್ನೇ ಬರ್ದೆ.”

ಬೈಗುಳದ ದನಿಯಿರಲಿಲ್ಲ. ಲೋಟ ತೊಳೆಯಲು ಎದ್ದೆ.

ಮರುದಿನ ಅಂತಿಮ ಕರಡು ಮುದ್ರಣಕ್ಕೆ ಹೋಗುವುದಿತ್ತು. ಎರಡನೆಯ ವಾಕ್ಯದ ನಂತರ ಹೊಸದೊಂದು ಸೇರಿಸಿದೆ: ‘ಅದಕ್ಕೂ ಮುನ್ನ ಸುತ್ತಲಿನ ಗ್ರಾಮಸ್ಥರು ಇಲ್ಲಿ ಹುರುಳಿ ಬೆಳೆಯುತ್ತಿದ್ದರು.’ ಏಳು ಪದ. ಅದನ್ನು ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ಓದಿದರು, ನಕ್ಕರು.

“ಏನಮ್ಮಾ, ಹುರುಳಿ ಹಾಕಿದ್ರೆ ಇತಿಹಾಸಕ್ಕೆ ಹುರುಳು ಬರುತ್ತೆ ಅಂತಲಾ?”

“ಮೊದಲು ಅಲ್ಲಿ ವ್ಯವಸಾಯ ಇತ್ತು ಸರ್.”

“ಇರಬಹುದು. ಆಧಾರ ಏನು?”

“ಊರಿನವರು ಹೇಳ್ತಾರೆ.”

“ಊರಿನವರು ಅಂದ್ರೆ ಯಾರು? ನಮ್ದು ರಿಸರ್ಚ್ ಯೂನಿವರ್ಸಿಟಿ ಕಣಮ್ಮಾ. ಬರೋ ತಂಡ ಪ್ರತಿ ಸಾಲಿಗೂ ಆಧಾರ ಕೇಳುತ್ತೆ. ಕಾಗದ ಬೇಡ, ಬೆಳೆದವರು ಒಬ್ಬರು ಇದ್ರೂ ಸಾಕು. ಕರ್ಕೊಂಡ್ಬನ್ನಿ, ನಾನೇ ಮಾತಾಡಿಸಿ ಬರ್ಕೋತೀನಿ. ಒಂದು ಫೋಟೋನೂ ಹಾಕೋಣ. ಯಾರಾದ್ರೂ ಗೊತ್ತಾ ನಿಮಗೆ?”

ಅವರು ತಮಾಷೆಗೆ ಕೇಳಿರಲಿಲ್ಲ. ಪೆನ್ನು ತೆಗೆದುಕೊಂಡು ಕಾದರು. ಅವರ ಹಿಂದೆ ಕಿಟಕಿ ತೆರೆದಿತ್ತು. ಕ್ರೋಟನ್ ಸಾಲನ್ನು ಕತ್ತರಿಸುವ ಸದ್ದು ಬರುತ್ತಿತ್ತು. ಅಪ್ಪ ಮತ್ತು ಇನ್ನೊಬ್ಬರು ಅಲ್ಲಿದ್ದರು. ಅವನು ಹಾಕಿಕೊಂಡಿದ್ದ ಸಮವಸ್ತ್ರದ ಅಂಗಿಗೆ ಹಿಂದಿನ ರಾತ್ರಿ ನಾನೇ ಗುಂಡಿ ಹೊಲಿದುಕೊಟ್ಟಿದ್ದೆ.

ಗೊತ್ತು ಎಂದರೆ ಮುಂದಿನ ಪ್ರಶ್ನೆ ಯಾವುದೆಂದು ನನಗೆ ತಿಳಿದಿತ್ತು. ಆಮೇಲೆ ಇಷ್ಟು ದಿನದ ನಮಸ್ಕಾರಗಳನ್ನು ವಿವರಿಸಬೇಕಾಗುತ್ತಿತ್ತು.

“ಇಲ್ಲ ಸರ್. ಈಗ ಯಾರೂ ಗೊತ್ತಿಲ್ಲ.”

“ಹಾಗಾದ್ರೆ ಬಿಟ್ಬಿಡಿ” ಎಂದು ಆ ಸಾಲಿನ ಮೇಲೆ ಗೆರೆ ಎಳೆದರು. “ಖರಾಬು ಇರಲಿ. ಅದಕ್ಕೆ ರೆಕಾರ್ಡ್ ಇದೆ.”

ನಾನು ನನ್ನ ಮೇಜಿಗೆ ಬಂದು ಸಾಲು ಅಳಿಸಿದೆ. ಕಡತ ಮುದ್ರಣಾಲಯಕ್ಕೆ ಕಳಿಸಿದೆ. ತಲುಪಿತು ಎಂದು ಉತ್ತರ ಬಂತು. ಮಧ್ಯಾಹ್ನದ ಊಟದ ಡಬ್ಬಿ ತೆರೆದು ಪೂರ್ತಿ ಉಂಡೆ.

ಸಂಜೆ ಅಪ್ಪ ಕೈಕಾಲು ತೊಳೆದು ಬಂದು ಕೂತ.

“ಆಕಿದ್ರಾ?”

“ಇಲ್ಲ.”

“ಯಾಕಂತೆ?”

“ಆಧಾರ ಬೇಕಂತೆ. ಬೆಳೆದವರು ಯಾರಾದ್ರೂ ಬಂದು ಹೇಳ್ಬೇಕಂತೆ.”

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ನಾ ಕಿಟಕಿ ತಾವೇ ಇದ್ನಲ್ಲವ್ವಾ” ಅಂದ. “ಒಂದ್ ಮಾತು ಕೂಗುದ್ರೆ ಬತ್ತಿದ್ದೆ.”

ಅವನು ನನ್ನ ಮುಖವನ್ನು ಒಂದು ಸಲ ನೋಡಿ, ಆಮೇಲೆ ನೋಡುವುದನ್ನು ಬಿಟ್ಟ.

“ಓಗ್ಲಿ ಬುಡು. ನಿನ್ನ ಕೆಲ್ಸಕ್ಕೆ ತೊಂದ್ರೆ ಆಗಬಾರ್ದು” ಅಂದ. ನನ್ನ ಕೆಲಸಕ್ಕೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ತಿಂಗಳ ಕೊನೆಯ ದಿನ ಅಪ್ಪ ಗುರುತಿನ ಚೀಟಿ ಒಪ್ಪಿಸಿ ಬಂದ. ನಿವೃತ್ತರಾದವರಿಗೆ ಹಾರ, ಹಣ್ಣಿನ ಬುಟ್ಟಿಯ ಜೊತೆ ಪುಸ್ತಿಕೆಯ ಒಂದೊಂದು ಪ್ರತಿ ಕೊಟ್ಟಿದ್ದರು. ಅವ್ವ ಹಣ್ಣು ತೆಗೆದಿಟ್ಟಳು. ಅಪ್ಪ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು, “ತಕ್ಕಳಿ ಮೇಡಮ್ಮೋರೆ” ಅಂದ.

ಮನೆಯೊಳಗೆ ಅವನು ಹಾಗೆ ಕರೆದದ್ದು ಅದೇ ಮೊದಲು. ನಾನು ತೆಗೆದುಕೊಂಡೆ.